ಟ್ಯಾಗೋರ್ ತೀರದಲ್ಲಿರೋ ವಿಮಾನ ನೌಕಾಪಡೆಯದ್ದು ಹೇಗೆ? ಅದರ ಕಮಾಂಡ್ ಕಾರವಾರದಲ್ಲೋ, ಗೋವಾದಲ್ಲೋ?

ಶಿರಸಿ ಮಾಣಿ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಅಕ್ಕನ ಮಗಳನ್ನು ಕರೆದುಕೊಂಡು ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿದ್ದೆ. ಅವಳಿಗೆ ಒಂಬತ್ತು ವರ್ಷ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಹಡಗು ನೋಡಿದ್ವಿ. ಆಮೇಲೆ ಅಲ್ಲೇ ಇರುವ ದೊಡ್ಡ ಟಿಯು-142 ವಿಮಾನ ನೋಡಿದ್ವಿ. ಅವಳು ವಿಮಾನದ ಕೆಳಗೆ ನಿಂತು ಕೇಳಿದಳು: "ಮಾವ, ನೌಕಾಪಡೆ ಅಂದ್ರೆ ಹಡಗು ಅಲ್ವಾ? ವಿಮಾನ ಯಾಕೆ ಇವರ ಹತ್ರ? ವಾಯುಪಡೆಯವರು ಕೊಡಲ್ವಾ?"

ನನಗೆ ಉತ್ತರ ಬರಲಿಲ್ಲ. ಪಕ್ಕದಲ್ಲಿದ್ದ ಒಬ್ಬರು "ನೌಕಾ ವಿಮಾನಗಳ ಕಮಾಂಡ್ ಇಲ್ಲೇ ಅರಗಾದಲ್ಲಿದೆ" ಅಂದರು. ಇನ್ನೊಬ್ಬರು "ಇಲ್ಲ, ಗೋವಾದಲ್ಲಿ" ಅಂದರು. ಯಾವುದು ಸರಿ? ಆ ಕಮಾಂಡ್ ಮಾಡೋ ಕೆಲಸ ಏನು? ಗೊತ್ತಿದ್ದವರು ಹೇಳಿ. ಮಗುವಿಗೆ ತಪ್ಪು ಹೇಳಬಾರದು ಅಂತ ಕೇಳ್ತಾ ಇದ್ದೇನೆ.

ಬೈತಖೋಲ್ ಬಲೆ

ಕಾರವಾರದಲ್ಲೇ ಇರಬೇಕು ಅಣ್ಣ. ವಿಕ್ರಮಾದಿತ್ಯ ಹಡಗು ಇಲ್ಲೇ ನಿಲ್ಲುತ್ತದೆ. 2014ರ ಜನವರಿಯಲ್ಲಿ ಅದು ರಷ್ಯಾದಿಂದ ಮೊದಲ ಸಲ ಬಂದಾಗ ನಮ್ಮ ದೋಣಿಯವರೆಲ್ಲ ಅದೇ ಮಾತಾಡ್ತಾ ಇದ್ದರು. 284 ಮೀಟರ್ ಉದ್ದದ ಹಡಗು. ದೂರದಿಂದ ನೋಡಿದರೆ ಒಂದು ಗುಡ್ಡವೇ ಜರುಗಿದ ಹಾಗೆ. ವಿಮಾನ ಹೊರುವ ಹಡಗು ಇಲ್ಲಿದ್ದ ಮೇಲೆ ವಿಮಾನವೂ ಇಲ್ಲೇ ಅಲ್ವಾ?

ಹಳೇ ಹಂಸ

ತಮ್ಮಾ, ಹಾಗೆ ಅನ್ನಿಸೋದು ಸಹಜ. ಆದರೆ ಹಾಗಲ್ಲ. ನಾನು ನೌಕಾಪಡೆಯಲ್ಲಿ ವಿಮಾನ ರಿಪೇರಿ ವಿಭಾಗದಲ್ಲಿದ್ದವನು. ಸೀ ಹ್ಯಾರಿಯರ್ ಯುದ್ಧವಿಮಾನದ ಕಾಲದವನು. ನನಗೆ ಗೊತ್ತಿದ್ದಷ್ಟು ಬಿಡಿಸಿ ಹೇಳುತ್ತೇನೆ.

ಕಾರವಾರದಲ್ಲಿರುವುದು ಹಡಗುಗಳ ನೆಲೆ, ಐಎನ್‌ಎಸ್ ಕದಂಬ. ನಮ್ಮ ಬನವಾಸಿಯ ಕದಂಬರ ಹೆಸರೇ ಅದಕ್ಕೆ. ಇಲ್ಲಿನ ಮುಖ್ಯಸ್ಥರು ಕರ್ನಾಟಕ ನೌಕಾ ಪ್ರದೇಶ ನೋಡಿಕೊಳ್ಳುವ ರಿಯರ್ ಅಡ್ಮಿರಲ್. ನೌಕಾ ವಿಮಾನಗಳ ಮುಖ್ಯ ಕಚೇರಿ ಗೋವಾದಲ್ಲಿದೆ. ಅಲ್ಲಿನ ಹಿರಿಯ ಅಧಿಕಾರಿಗೆ ಫ್ಲ್ಯಾಗ್ ಆಫೀಸರ್ ನೇವಲ್ ಏವಿಯೇಷನ್ ಅಂತಾರೆ. ನಾವು ಬಾಯಲ್ಲಿ 'ಫೋನಾ' ಅನ್ನುತ್ತಿದ್ದೆವು. ಅವರೂ ರಿಯರ್ ಅಡ್ಮಿರಲ್. ಗೋವಾ ನೌಕಾ ಪ್ರದೇಶದ ಹೊಣೆಯೂ ಅದೇ ವ್ಯಕ್ತಿಯದ್ದು.

ಈಗ 'ಕಮಾಂಡ್' ಅನ್ನುವ ಮಾತು. ನೌಕಾಪಡೆಗೆ ಕಮಾಂಡ್ ಇರುವುದು ಮೂರು. ಪಶ್ಚಿಮದ್ದು ಮುಂಬೈಯಲ್ಲಿ, ಪೂರ್ವದ್ದು ವಿಶಾಖಪಟ್ಟಣದಲ್ಲಿ, ದಕ್ಷಿಣದ್ದು ಕೊಚ್ಚಿಯಲ್ಲಿ. ಯಾವ ವಿಮಾನ ಇವತ್ತು ಯಾವ ಸಮುದ್ರದ ಮೇಲೆ ಹೋಗಬೇಕು ಅಂತ ಅಪ್ಪಣೆ ಕೊಡುವುದು ಆಯಾ ಕಮಾಂಡಿನವರು. ವಿಮಾನ ಖರೀದಿ, ಮುಂದಿನ ಯೋಜನೆ ಇದನ್ನೆಲ್ಲ ನೋಡುವುದು ದೆಹಲಿ. ಹಾಗಾದರೆ ಗೋವಾದ ಕಚೇರಿ ಏನು ಮಾಡುತ್ತದೆ? ಹಾರಿಸುವವನು ಹಾರಿಸಲು ತಯಾರಿದ್ದಾನಾ, ಯಂತ್ರ ಹಾರಲು ಯೋಗ್ಯವಾಗಿದೆಯಾ, ಕಲಿಸುವ ಕ್ರಮ ಸರಿಯಿದೆಯಾ, ಅಪಘಾತ ಆದರೆ ಯಾಕಾಯಿತು, ಮತ್ತೆ ಆಗದ ಹಾಗೆ ಏನು ಮಾಡಬೇಕು, ಇದೆಲ್ಲ ಅವರ ಕೆಲಸ. ವಿಮಾನ ಕೊಚ್ಚಿಯಲ್ಲಿರಲಿ, ಅಂಡಮಾನಿನಲ್ಲಿರಲಿ, ಈ ಅಳತೆಗೋಲು ಒಂದೇ.

ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ಯಕ್ಷಗಾನ ಮೇಳದಲ್ಲಿ ಇವತ್ತು ಯಾವ ಊರಿನಲ್ಲಿ ಆಟ, ಯಾವ ಪ್ರಸಂಗ ಅಂತ ತೀರ್ಮಾನಿಸುವವರು ಬೇರೆ. ಹುಡುಗನಿಗೆ ಹೆಜ್ಜೆ ಕಲಿಸಿ, ತಪ್ಪಿದರೆ ತಿದ್ದಿ, "ಇನ್ನು ನೀನು ರಂಗಕ್ಕೆ ಹೋಗಬಹುದು" ಅನ್ನುವ ಗುರು ಬೇರೆ. ಗೋವಾದ ಕಚೇರಿ ಆ ಗುರುವಿನ ಜಾಗದಲ್ಲಿದೆ.

ಶಿರಸಿ ಮಾಣಿ

ಹಂಸ ಸರ್, ಇದು ಚೆನ್ನಾಗಿ ಅರ್ಥ ಆಯಿತು. ಹಾಗಾದರೆ ವಿಕ್ರಮಾದಿತ್ಯ ಕಾರವಾರದಲ್ಲಿ ನಿಂತಾಗ ಅದರ ಮೇಲೆ ವಿಮಾನ ಇರೋದಿಲ್ವಾ?

ಹಳೇ ಹಂಸ

ಹಡಗು ಬಂದರಿಗೆ ಬರುವ ಮೊದಲೇ ವಿಮಾನಗಳು ಡೆಕ್ಕಿನಿಂದ ಹಾರಿ ಗೋವಾದ ದಾಬೋಲಿಂಗೆ ಹೋಗುವುದು ವಾಡಿಕೆ. ಅಲ್ಲಿ ನೌಕಾಪಡೆಯ ವಿಮಾನ ನೆಲೆ ಐಎನ್‌ಎಸ್ ಹಂಸ ಇದೆ. ಮಿಗ್-29ಕೆ ಯುದ್ಧವಿಮಾನಗಳ ಸ್ಕ್ವಾಡ್ರನ್‌ಗಳ, ಅಂದರೆ ತಂಡಗಳ, ಮನೆ ಅದೇ.

ಕಾರಣ ಸರಳ. ಡೆಕ್ಕಿನಿಂದ ಏಳಬೇಕಾದರೆ ಎದುರು ಗಾಳಿ ಬೇಕು. ಹಡಗು ಗಾಳಿಗೆ ಮುಖ ಮಾಡಿ ಜೋರಾಗಿ ಓಡಿದಾಗ ಮಾತ್ರ ಡೆಕ್ಕಿನ ಮೇಲೆ ಅಷ್ಟು ಗಾಳಿ ಸಿಗುತ್ತದೆ. ಧಕ್ಕೆಗೆ ಕಟ್ಟಿದ ಹಡಗಿನಿಂದ ಹಾರುವುದಕ್ಕೆ ಆಗುವುದಿಲ್ಲ. ಹಡಗು ತಿಂಗಳುಗಟ್ಟಲೆ ರಿಪೇರಿಗೆ ನಿಂತರೆ ಪೈಲಟ್ ಸುಮ್ನೆ ಕೂರುವ ಹಾಗಿಲ್ಲ. ಕೈ ಅಭ್ಯಾಸ ತಪ್ಪಿದರೆ ಜೀವಕ್ಕೇ ಅಪಾಯ. ಅದಕ್ಕೇ ಹಂಸದಲ್ಲಿ ನೆಲದ ಮೇಲೆಯೇ ಹಡಗಿನ ಡೆಕ್ಕಿನ ಹಾಗೆ ಒಂದು ಓಟದ ಪಟ್ಟಿ ಕಟ್ಟಿದ್ದಾರೆ. ಮುಂದಿನ ತುದಿಯಲ್ಲಿ ಮೇಲಕ್ಕೆ ಬಾಗಿದ ಸ್ಕೀ ಜಂಪ್, ಇಳಿಯುವ ಕಡೆ ಅಡ್ಡ ತಂತಿ. ಅಲ್ಲಿ ಸರಿಯಾಗಿ ಕಲಿತವನನ್ನೇ ಹಡಗಿಗೆ ಕಳಿಸುವುದು. ನಮ್ಮ ದೇಶದ್ದೇ ಆದ ತೇಜಸ್ ವಿಮಾನದ ನೌಕಾ ಮಾದರಿಯೂ 2019ರ ಸೆಪ್ಟೆಂಬರ್‌ನಲ್ಲಿ ಮೊದಲು ಇದೇ ಪಟ್ಟಿಯ ತಂತಿ ಹಿಡಿದು ಇಳಿಯಿತು. ಆಮೇಲೆ 2020ರ ಜನವರಿಯಲ್ಲಿ ವಿಕ್ರಮಾದಿತ್ಯದ ಮೇಲೆ ಇಳಿಯಿತು.

ಬೈತಖೋಲ್ ಬಲೆ

ತಂತಿ ಹಿಡಿದು ಇಳಿಯೋದು ಅಂದ್ರೆ ಹೇಗೆ ಅಣ್ಣ? ನಮಗೆ ಬಲೆ ಎಳೆಯೋ ಹಗ್ಗ ಗೊತ್ತು. ವಿಮಾನ ಹಿಡಿಯೋ ಹಗ್ಗ ಗೊತ್ತಿಲ್ಲ.

ಹಳೇ ಹಂಸ

ನೀನು ಬೇಗ ಹಿಡಿಯುತ್ತೀ ತಮ್ಮಾ, ಹಗ್ಗದ ಕೆಲಸ ಮಾಡಿದವನು. ಡೆಕ್ಕಿನ ಹಿಂಭಾಗದಲ್ಲಿ ಮೂರು ದಪ್ಪ ಉಕ್ಕಿನ ತಂತಿಗಳು ಅಡ್ಡಕ್ಕೆ ಬಿಗಿದಿರುತ್ತವೆ. ವಿಮಾನದ ಬಾಲದ ಕೆಳಗೆ ಒಂದು ಕೊಕ್ಕೆ. ಪೈಲಟ್ ಆ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಬೇಕು. ಸಿಕ್ಕಿದ ತಂತಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಡೆಕ್ಕಿನ ಕೆಳಗಿರುವ ಯಂತ್ರ ಆ ಎಳೆತವನ್ನು ತಾಳಿಕೊಂಡು ವಿಮಾನವನ್ನು ನಿಲ್ಲಿಸುತ್ತದೆ. ದೊಡ್ಡ ಮೀನು ಸಿಕ್ಕಾಗ ಗಾಳದ ದಾರ ಬಿಡುತ್ತಾ ಹಿಡಿಯುತ್ತೀರಲ್ಲ, ಹಾಗೆ.

ಇದರಲ್ಲಿ ಹೊರಗಿನವರಿಗೆ ಆಶ್ಚರ್ಯ ಆಗುವ ಸಂಗತಿ ಒಂದಿದೆ. ಚಕ್ರ ಡೆಕ್ಕಿಗೆ ತಾಗಿದ ಕೂಡಲೇ ಪೈಲಟ್ ಎಂಜಿನ್ನಿನ ಶಕ್ತಿ ಕಡಿಮೆ ಮಾಡುವುದಿಲ್ಲ. ಪೂರ್ತಿ ಏರಿಸುತ್ತಾನೆ! ಯಾಕೆಂದರೆ ಕೊಕ್ಕೆ ಮೂರೂ ತಂತಿ ತಪ್ಪಿಸಿದರೆ ಡೆಕ್ಕಿನ ಉಳಿದ ತುಂಡಿನಲ್ಲೇ ಮತ್ತೆ ಏಳಬೇಕು. ಎಂಜಿನ್ ತಗ್ಗಿಸಿದ್ದರೆ ನೇರ ಸಮುದ್ರಕ್ಕೆ. ಇಳಿಯುವಾಗಲೂ ಏಳಲು ತಯಾರಿರಬೇಕು. ಇದನ್ನು ರಾತ್ರಿ, ಹಡಗು ಮೇಲೆ ಕೆಳಗೆ ತೂಗುತ್ತಿರುವಾಗ ಮಾಡುವವರು ನಮ್ಮ ಹುಡುಗರು.

ನಾನಿದ್ದ ಸೀ ಹ್ಯಾರಿಯರ್ ಬೇರೆ ಜಾತಿ. ಅದು ನಿಂತ ಹಾಗೆಯೇ ನೇರ ಕೆಳಗೆ ಇಳಿಯುತ್ತಿತ್ತು, ತಂತಿ ಬೇಕಿರಲಿಲ್ಲ. 1983ರ ಡಿಸೆಂಬರ್‌ನಲ್ಲಿ ಮೊದಲ ಮೂರು ದಾಬೋಲಿಂಗೆ ಬಂದವು. 2016ರ ಮೇ 11ರಂದು ಅದಕ್ಕೆ ಹಂಸದಲ್ಲಿ ಬೀಳ್ಕೊಡುಗೆ ಆಯಿತು. ಅದರ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಕುಮಟೆ ಮಾಸ್ತರು

ಮಗುವಿನ ಮೊದಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಡಲಿಲ್ಲ. ವಾಯುಪಡೆ ಇರುವಾಗ ನೌಕಾಪಡೆಗೆ ಬೇರೆ ವಿಮಾನ ಯಾಕೆ? ಹಡಗಿನ ಮೇಲೆ ನಿಂತರೆ ಕಾಣುವುದು ದಿಗಂತದವರೆಗೆ ಮಾತ್ರ. ಭೂಮಿ ದುಂಡಗಿದೆ, ಅದರ ಆಚೆ ಕಣ್ಣೂ ಹೋಗುವುದಿಲ್ಲ, ಹಡಗಿನ ರಾಡಾರೂ ಅಷ್ಟಾಗಿ ಹೋಗುವುದಿಲ್ಲ. ಮೇಲೆ ಹೋದರೆ ನೂರಾರು ಕಿಲೋಮೀಟರ್ ಕಾಣುತ್ತದೆ. ತೆಂಗಿನ ಮರ ಹತ್ತಿದವನಿಗೆ ಮನೆಯಂಗಳದಲ್ಲಿ ನಿಂತವನಿಗಿಂತ ಜಾಸ್ತಿ ಕಾಣುವ ಹಾಗೆ. ಹಡಗಿನ ಭಾಷೆ, ಅಲೆ, ಜಲಾಂತರ್ಗಾಮಿಯ ಚಲನೆ ಇವೆಲ್ಲ ಗೊತ್ತಿರುವವನೇ ಆ ಮರ ಹತ್ತಬೇಕು. ಅದಕ್ಕೇ ನೌಕಾಪಡೆ ತನ್ನದೇ ವಿಮಾನ ಇಟ್ಟುಕೊಂಡಿದೆ.

ಇತಿಹಾಸ ದೊಡ್ಡದು, ಆದರೆ ಶುರುವಾದದ್ದು ಚಿಕ್ಕದಾಗಿ. 1948ರಲ್ಲಿ ದೆಹಲಿಯ ನೌಕಾ ಮುಖ್ಯ ಕಚೇರಿಯಲ್ಲಿ ವಿಮಾನ ವಿಭಾಗ ತೆರೆದರು. ಆಗ ಹಾರಿಸಲು ವಿಮಾನವೇ ಇರಲಿಲ್ಲ. 1953ರ ಫೆಬ್ರವರಿಯಲ್ಲಿ ಮೊದಲ ಸೀಲ್ಯಾಂಡ್ ಕೊಚ್ಚಿಗೆ ಬಂತು. ಅದು ನೀರಿನ ಮೇಲೂ ನೆಲದ ಮೇಲೂ ಇಳಿಯುವ ಪುಟ್ಟ ವಿಮಾನ. ಅದೇ ವರ್ಷ ಮೇ 11ರಂದು ಕೊಚ್ಚಿಯಲ್ಲಿ ನೌಕಾ ವಿಮಾನ ನೆಲೆ ಐಎನ್‌ಎಸ್ ಗರುಡ ಶುರುವಾಯಿತು. ಹಂಸ ಅವರು ಮೇ 11 ಅಂತ ಬರೆದದ್ದು ನೋಡಿ ನನಗೆ ನೆನಪಾಯಿತು. 2013ರಲ್ಲಿ ಮಿಗ್-29ಕೆ ಸ್ಕ್ವಾಡ್ರನ್ ಶುರು ಮಾಡಿದ ದಿನವೂ ಮೇ 11.

1961ರ ಮಾರ್ಚ್ 4ರಂದು ವಿಮಾನ ಹೊರುವ ಹಡಗು, ಮೊದಲ ವಿಕ್ರಾಂತ್, ಬೆಲ್‌ಫಾಸ್ಟ್‌ನಲ್ಲಿ ನಮ್ಮ ನೌಕಾಪಡೆ ಸೇರಿತು. ಮೇ 18ರಂದು ಅದರ ಮೇಲೆ ಮೊದಲ ಜೆಟ್ ಇಳಿಸಿದವರು ಲೆಫ್ಟಿನೆಂಟ್ ತಹಿಲಿಯಾನಿ. ಅವರೇ ಮುಂದೆ ನೌಕಾಪಡೆಯ ಮುಖ್ಯಸ್ಥರಾದರು.

ಈಗ ನಮ್ಮ ಊರಿಗೆ ಹತ್ತಿರದ ಕಥೆ. ಹಂಸ ನೆಲೆ ಮೊದಲು ಗೋವಾದಲ್ಲಿ ಇರಲಿಲ್ಲ! 1961ರ ಸೆಪ್ಟೆಂಬರ್‌ನಲ್ಲಿ ಅದು ಶುರುವಾದದ್ದು ಕೊಯಮತ್ತೂರಿನ ಹತ್ತಿರದ ಸೂಲೂರಿನಲ್ಲಿ. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು, ದಾಬೋಲಿಂ ವಿಮಾನ ನಿಲ್ದಾಣವೂ ಅವರದ್ದೇ. ಅದೇ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆ ಆಯಿತು. 1964ರ ಜೂನ್‌ನಲ್ಲಿ ಹಂಸ ದಾಬೋಲಿಂಗೆ ಬಂತು.

ಆ ಡಿಸೆಂಬರ್ 18ರಂದು ನಮ್ಮ ಬಿಣಗಾ ಎದುರಿನ ಅಂಜುದೀವ ದ್ವೀಪದಲ್ಲಿ ಏನಾಯಿತು ಅನ್ನುವುದು ಇಲ್ಲಿನ ಮಕ್ಕಳಿಗೇ ಗೊತ್ತಿಲ್ಲ. ಅಂಜುದೀವ ಕಾರವಾರದಿಂದ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ, ಲೆಕ್ಕಕ್ಕೆ ಮಾತ್ರ ಗೋವಾದ್ದು. ಮೈಸೂರ್ ಮತ್ತು ತ್ರಿಶೂಲ್ ಹಡಗುಗಳ ನಾವಿಕರು ಅಲ್ಲಿ ಇಳಿದರು. ಪೋರ್ಚುಗೀಸ್ ಸೈನಿಕರು ಗುಂಡು ಹಾರಿಸಿದರು. ನಮ್ಮ 7 ನಾವಿಕರು ಅಲ್ಲೇ ತೀರಿಕೊಂಡರು. ಗೋವಾ ನಮ್ಮದಾಗದಿದ್ದರೆ ದಾಬೋಲಿಂ ಇಲ್ಲ. ದಾಬೋಲಿಂ ಇಲ್ಲದಿದ್ದರೆ ನೌಕಾ ವಿಮಾನಗಳ ಮುಖ್ಯ ಕಚೇರಿ ಅಲ್ಲಿ ಬರುತ್ತಲೇ ಇರಲಿಲ್ಲ. ಮಗುವಿಗೆ ವಿಮಾನ ತೋರಿಸುವಾಗ ಆ ದ್ವೀಪವನ್ನೂ ತೋರಿಸಿ.

ಶಿರಸಿ ಮಾಣಿ

ಮಾಸ್ತರ್ರೇ, ತೆಂಗಿನ ಮರದ ಮಾತನ್ನು ಹಾಗೇ ಅವಳಿಗೆ ಹೇಳಿದೆ. "ಹಾಗಾದ್ರೆ ವಿಮಾನ ಅಂದ್ರೆ ಹಡಗಿನ ಕಣ್ಣು" ಅಂದಳು. ಅಂಜುದೀವದ ವಿಷಯ ನನಗೂ ಗೊತ್ತಿರಲಿಲ್ಲ. ಯುದ್ಧದಲ್ಲಿ ಈ ವಿಮಾನಗಳು ನಿಜವಾಗಿ ಕೆಲಸಕ್ಕೆ ಬಂದದ್ದು ಯಾವಾಗ?

ಕುಮಟೆ ಮಾಸ್ತರು

1971. ಡಿಸೆಂಬರ್ 4ರಿಂದ ವಿಕ್ರಾಂತ್‌ನ ಸೀ ಹಾಕ್ ಮತ್ತು ಅಲಿಝೆ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಪೂರ್ವ ಪಾಕಿಸ್ತಾನದ ಸಮುದ್ರ ದಾರಿಯನ್ನೇ ಮುಚ್ಚಿಬಿಟ್ಟವು. ಹಡಗಿನ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್, ಸೀ ಹಾಕ್ ಸ್ಕ್ವಾಡ್ರನ್ನಿನ ಸಂತೋಷ್ ಕುಮಾರ್ ಗುಪ್ತಾ ಇಬ್ಬರಿಗೂ ಮಹಾವೀರ ಚಕ್ರ ಬಂತು. ಪಶ್ಚಿಮದ ಕಡೆ ಒಂದು ಅಲಿಝೆ ಶತ್ರು ವಿಮಾನಕ್ಕೆ ಬಲಿಯಾಯಿತು, ಅದರಲ್ಲಿದ್ದವರು ಮರಳಲಿಲ್ಲ. ಗೆಲುವಿನ ಮಾತಾಡುವಾಗ ಅದನ್ನೂ ಹೇಳಬೇಕು.

ಹಳೇ ಹಂಸ

ಹೌದು. ಮಾಸ್ತರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಯುದ್ಧ ಹದಿಮೂರು ದಿನದ್ದು. ಉಳಿದ ವರ್ಷಗಳೆಲ್ಲ ತಯಾರಿಯದ್ದು. ಕಚೇರಿಯ ನಿಜವಾದ ಕೆಲಸ ಆ ವರ್ಷಗಳಲ್ಲಿದೆ.

ನಾನು ಸೇವೆಗೆ ಸೇರಿದ ಹೊಸತು. ಒಂದು ಸಂಜೆ ಕೆಲಸ ಮುಗಿಸಿ ಉಪಕರಣ ಪೆಟ್ಟಿಗೆ ಲೆಕ್ಕ ಹಾಕಿದರೆ ಒಂದು ಚಿಕ್ಕ ಸ್ಪ್ಯಾನರ್ ಕಡಿಮೆ. ನಾನೇ ಕೊನೆಗೆ ಬಳಸಿದವನು. ಎದೆ ಧಸಕ್ಕೆಂದಿತು. ಹೇಳದೇ ಇದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೋಗಿ ಹೇಳಿದೆ. ಆ ವಿಮಾನ ಹಾರುವುದನ್ನು ನಿಲ್ಲಿಸಿದರು. ರಾತ್ರಿ ಇಡೀ ಟಾರ್ಚ್ ಹಿಡಿದು ಫಲಕ ಬಿಚ್ಚಿ ಹುಡುಕಿದೆವು. ಬೆಳಗಿನ ಜಾವ ಒಂದು ಪೈಪಿನ ಹಿಂದೆ ಸಿಕ್ಕಿತು. ಅದು ಅಲ್ಲೇ ಉಳಿದು ಹಾರಾಟದಲ್ಲಿ ಜಾರಿ ಕಂಟ್ರೋಲ್ ತಂತಿಗೆ ಸಿಕ್ಕಿದ್ದರೆ ಪೈಲಟ್ ಉಳಿಯುತ್ತಿರಲಿಲ್ಲ. ನನ್ನ ಹಿರಿಯರು ಬೈಯಲಿಲ್ಲ. ಬೆನ್ನ ಮೇಲೆ ಕೈಯಿಟ್ಟು "ಬಂದು ಹೇಳಿದೆಯಲ್ಲ, ಅಷ್ಟು ಸಾಕು" ಅಂದರು. ಹೇಳಿದವನಿಗೆ ಭಯ ಇಲ್ಲದ ಹಾಗೆ ನೋಡಿಕೊಳ್ಳುವುದೇ ಹಾರಾಟದ ಸುರಕ್ಷತೆಯ ಬುಡ. ಫೋನಾದ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನನಗೆ ಆ ರಾತ್ರಿ ನೆನಪಾಗುತ್ತದೆ.

ಈಶಾಡಿನ ಮನೆ

ನಾನು ಅಂಕೋಲೆಯವಳು. ಇಷ್ಟು ಹೊತ್ತು ಓದುತ್ತಾ ಇದ್ದೆ. ಹಂಸಣ್ಣ, ನಿಮ್ಮ ಸ್ಪ್ಯಾನರ್ ಕಥೆ ಓದಿ ಕಣ್ಣು ತುಂಬಿತು. ಆದರೆ ಇನ್ನೊಂದು ಕಡೆಯದ್ದೂ ಇಲ್ಲಿ ಬರಲಿ.

ಕಾರವಾರದ ಈ ನೌಕಾ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಕದಂಬ ಶುರುವಾದದ್ದು 2005ರ ಮೇ 31ರಂದು. ನಡುವೆ ಸುಮಾರು ಹತ್ತೊಂಬತ್ತು ವರ್ಷ. ಅರಗಾ, ಬಿಣಗಾ ಕಡೆಯಿಂದ ಬೇಲೇಕೇರಿ ಕಡೆಯವರೆಗೆ ಸಾವಿರಾರು ಕುಟುಂಬ ಮನೆ, ಗದ್ದೆ, ದೋಣಿ ಕಟ್ಟುವ ಜಾಗ ಬಿಟ್ಟು ಹೊರಟವು. ನಮ್ಮ ಅತ್ತೆಯ ತವರು ಅದರಲ್ಲಿ ಹೋಯಿತು. ಅವರು ಈಗಲೂ ಬಸ್ಸಿನಲ್ಲಿ ಆ ಕಡೆ ಹೋಗುವಾಗ ಗೋಡೆಯ ಆಚೆ ಕೈ ತೋರಿಸಿ "ಅಲ್ಲಿ ನಮ್ಮ ಬಾವಿ ಇತ್ತು" ಅನ್ನುತ್ತಾರೆ.

ಈಗ ಎರಡನೇ ಹಂತದಲ್ಲಿ ನಮ್ಮ ಅಲಗೇರಿ ಕಡೆ ನೌಕಾ ವಿಮಾನ ನೆಲೆಗೆ ಜಾಗ. ಅದರ ಜೊತೆಗೆ ಜನರ ವಿಮಾನಕ್ಕೂ ಸ್ವಲ್ಪ ಜಾಗ ಕೊಡುತ್ತಾರಂತೆ. ನಮ್ಮ ಹತ್ತಿರದ ನೆಂಟರ ತೋಟ ಅದರಲ್ಲಿದೆ. ಗಿಡ ಎಣಿಸಲು ಬಂದವರು ಹಣ್ಣು ಬಿಡುವ ಈಶಾಡು ಮಾವನ್ನೂ ಸುಮ್ನೆ ಕಾಡುಮಾವು ಅಂತ ಬರೆದುಕೊಂಡು ಹೋದರು. ತಿದ್ದಿಸಲು ಒಂದು ಕಚೇರಿಗೆ ಎಷ್ಟು ಸಲ ಅಲೆದಿದ್ದಾರೋ. ಪ್ರತಿ ಸಲ "ಮುಂದಿನ ವಾರ ಬನ್ನಿ". ವಿಮಾನ ಬೇಡ ಅಂತ ನಾವು ಹೇಳುತ್ತಿಲ್ಲ. ಸ್ಪ್ಯಾನರ್ ಎಣಿಸುವಷ್ಟೇ ನಿಗಾದಲ್ಲಿ ನಮ್ಮ ಮರಗಳನ್ನೂ ಎಣಿಸಲಿ.

ಹಳೇ ಹಂಸ

ಅಕ್ಕಾ, ನಿಮ್ಮ ಮಾತು ಸರಿ. ಜಾಗ ಹಿಡಿಯುವ ಕೆಲಸ ವಿಮಾನದವರದ್ದಲ್ಲ ಅಂತ ಹೇಳಿ ನಾನು ಜಾರಿಕೊಳ್ಳುವುದಿಲ್ಲ. ನಾವು ಹಾರಿದ್ದು ಯಾರದ್ದೋ ಗದ್ದೆಯ ಮೇಲೆಯೇ. ನಿಮ್ಮ ನೆಂಟರ ಹತ್ತಿರ ಹಳೇ ಪಹಣಿ ಇದೆಯಾ? ಮರಗಳ ಫೋಟೊ, ಹಣ್ಣು ಮಾರಿದ ಚೀಟಿ ಇದ್ದರೆ ಒಟ್ಟು ಮಾಡಿ ಬರವಣಿಗೆಯಲ್ಲೇ ತಕರಾರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತು ಬೇಡ. ಅರ್ಜಿ ಬರೆಯಲು ನಾನು ಬರುತ್ತೇನೆ, ಅಂಕೋಲೆ ನನಗೆ ದೂರ ಅಲ್ಲ.

ಈಶಾಡಿನ ಮನೆ

ಚೀಟಿ ಇದೆ ಅಣ್ಣ. ಯಾವಾಗ ಬರ್ತೀರಿ ಹೇಳಿ, ಊಟ ನಮ್ಮಲ್ಲೇ.

ಬೈತಖೋಲ್ ಬಲೆ

ನನ್ನದೂ ಒಂದು ಮಾತು. ನೆಲೆಯ ಹತ್ತಿರ ಬಲೆ ಬಿಡಲು ಈಗ ಆಗುವುದಿಲ್ಲ, ಸುತ್ತಿ ಹೋಗಬೇಕು, ಡೀಸೆಲ್ ಜಾಸ್ತಿ. ಅದು ನಮ್ಮ ಕಷ್ಟ. ಆದರೆ ಗಾಳಿಮಳೆಯಲ್ಲಿ ದೋಣಿ ಕಾಣೆಯಾದರೆ ದಡದಲ್ಲಿ ನಿಂತ ಹೆಂಗಸರು ಮೊದಲು ನೋಡುವುದು ಆಕಾಶವನ್ನೇ. 2017ರಲ್ಲಿ ಒಖಿ ಚಂಡಮಾರುತ ಬಂದಾಗ ಕೇರಳ, ಲಕ್ಷದ್ವೀಪದ ಕಡೆ ನೌಕಾಪಡೆಯ ವಿಮಾನ, ಹೆಲಿಕಾಪ್ಟರ್ ದಿನಗಟ್ಟಲೆ ಮೀನುಗಾರರನ್ನು ಹುಡುಕಿದವು. ಅಲ್ಲಿ ನೀರಲ್ಲಿ ಸಿಕ್ಕಿದ್ದವರು ನಮ್ಮ ಹಾಗಿನವರೇ. ಮೇಲಿಂದ ಒಂದು ತಲೆ ಕಾಣೋದು ಎಷ್ಟು ಕಷ್ಟ ಅಂತ ದೋಣಿಯವರಿಗೆ ಗೊತ್ತು.

ಶಿರಸಿ ಮಾಣಿ

ಎಷ್ಟೊಂದು ವಿಷಯ ಸಿಕ್ಕಿತು. ಕೊನೆಯದಾಗಿ ಆ ಟಿಯು-142 ಬಗ್ಗೆ ಹೇಳಿ ಸರ್. ಅದು ಹಡಗಿನ ಮೇಲೆ ಇಳಿಯುತ್ತಿತ್ತಾ? ಹೆಣ್ಣುಮಕ್ಕಳು ಇದನ್ನೆಲ್ಲ ಹಾರಿಸಬಹುದಾ ಅಂತಲೂ ಅವಳು ಕೇಳುತ್ತಿದ್ದಾಳೆ.

ಹಳೇ ಹಂಸ

ಎರಡನೇ ಪ್ರಶ್ನೆ ಮೊದಲು. ಖಂಡಿತ ಹಾರಿಸಬಹುದು. 2019ರ ಡಿಸೆಂಬರ್ 2ರಂದು ಸಬ್ ಲೆಫ್ಟಿನೆಂಟ್ ಶಿವಾಂಗಿ ಕೊಚ್ಚಿಯಲ್ಲಿ ನೌಕಾಪಡೆಯ ಮೊದಲ ಮಹಿಳಾ ಪೈಲಟ್ ಆದರು. ಡಾರ್ನಿಯರ್ ವಿಮಾನದವರು. ಆಮೇಲೆ ಇನ್ನೂ ಹಲವರು ಬಂದಿದ್ದಾರೆ. ಅವಳಿಗೆ ಗಣಿತ, ಭೌತಶಾಸ್ತ್ರ ಬಿಡದೆ ಓದಲು ಹೇಳು.

ಟಿಯು-142 ಹಡಗಿನ ಮೇಲೆ ಇಳಿಯುವ ವಿಮಾನ ಅಲ್ಲ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 50 ಮೀಟರ್. 1988ರಲ್ಲಿ ಆಗಿನ ಸೋವಿಯತ್ ಒಕ್ಕೂಟದಿಂದ ಗೋವಾಕ್ಕೆ ಬಂದವು, ಒಟ್ಟು ಎಂಟು. 1992ರಲ್ಲಿ ತಮಿಳುನಾಡಿನ ಅರಕ್ಕೋಣಂನ ಐಎನ್‌ಎಸ್ ರಾಜಾಲಿಗೆ ಹೋದವು. ಅಲ್ಲಿಂದ ಎದ್ದು ಹಿಂದೂ ಮಹಾಸಾಗರದ ಮೇಲೆ ತಾಸುಗಟ್ಟಲೆ ಸುತ್ತುತ್ತಿದ್ದವು. ನೀರಿನ ಕೆಳಗಿನ ಜಲಾಂತರ್ಗಾಮಿ ಹುಡುಕುವುದೇ ಮುಖ್ಯ ಕೆಲಸ. ಮೇಲಿಂದ ಸೋನೋಬಾಯ್ ಅಂತ ಕೊಳವೆಗಳನ್ನು ಬೀಳಿಸುತ್ತಾರೆ. ಅವು ನೀರಿನಲ್ಲಿ ತೇಲುತ್ತಾ ಕೆಳಗಿನ ಸದ್ದು ಕೇಳಿ ರೇಡಿಯೋದಲ್ಲಿ ವಿಮಾನಕ್ಕೆ ತಿಳಿಸುತ್ತವೆ. 2017ರ ಮಾರ್ಚ್ 29ರಂದು ನಿವೃತ್ತಿ ಆಯಿತು. ಅದೇ ಸ್ಕ್ವಾಡ್ರನ್ ಈಗ ಅದೇ ಕೆಲಸದ ಪಿ-8ಐ ವಿಮಾನ ಹಾರಿಸುತ್ತದೆ. ನಮ್ಮ ಕಾರವಾರಕ್ಕೆ ಬಂದದ್ದನ್ನು ಅರಕ್ಕೋಣಂನಲ್ಲಿ ಬಿಡಿ ಭಾಗ ಮಾಡಿ ಲಾರಿಗಳಲ್ಲಿ ತಂದು ಇಲ್ಲಿ ಮತ್ತೆ ಜೋಡಿಸಿದ್ದು.

ಅವಳು ಪ್ರೊಪೆಲರ್ ಎಣಿಸಿದಳಾ?

ಶಿರಸಿ ಮಾಣಿ

ಎಣಿಸಿದಳು ಸರ್! ನಾಲ್ಕು ಎಂಜಿನ್, ಒಂದೊಂದಕ್ಕೆ ನಾಲ್ಕು ಎಲೆ, ಒಟ್ಟು 16 ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ.

ಹಳೇ ಹಂಸ

ಹಾಗಾದರೆ ಮುಂದೆ ನಿಂತು ಎಣಿಸಿದ್ದಾಳೆ. ಮುಂದಿನ ಸಲ ಪಕ್ಕದಿಂದ ನೋಡಲು ಹೇಳು. ಪ್ರತಿ ಎಂಜಿನ್ನಿಗೂ ಒಂದರ ಹಿಂದೆ ಒಂದು ಎರಡು ಸಾಲು ಇದೆ. ಮುಂದಿನ ಸಾಲು ಒಂದು ಕಡೆ ತಿರುಗಿದರೆ ಹಿಂದಿನದ್ದು ಎದುರು ಕಡೆ ತಿರುಗುತ್ತದೆ. ಒಟ್ಟು 32.